ಒಂದು ಚಿಲಕ, ಎರಡು ಬೀಗ

ಲೋಕದ ನಾಯಕರೆಲ್ಲ ಅಯೋಗ್ಯರು ಎಂಬ ತೀರ್ಮಾನಕ್ಕೆ ತಿದ್ದುಪಡಿಯವರು ಬಂದು ವರ್ಷಗಳೇ ಆಗಿದ್ದವು. ಆದರೆ ಆ ತೀರ್ಮಾನವನ್ನು ಎರಡು ಕೈಯಲ್ಲೂ ಬಕೆಟ್ಟು ಹಿಡಿದು, ಬೀದಿ ನಲ್ಲಿಯ ಸಾಲಿನಲ್ಲಿ ನಿಂತು ಘೋಷಿಸುವ ಪ್ರಸಂಗ ಒದಗಿದ್ದು ಈಚಿನ ನಲವತ್ತು ದಿನಗಳಿಂದ.

"ಎರಡು ದೇಶ, ಒಂದು ನದಿ. ಎದುರುಬದುರು ಕೂತು ಒಂದು ಲೋಟ ಚಹಾ ಕುಡಿಯೋದ್ರೊಳಗೆ ಮುಗಿಯೋ ಜಗಳ! ಇವರಿಗೆ ಮುಗಿಸೋ ಮನಸ್ಸೇ ಇಲ್ಲ. ಮುಗಿದ್ರೆ ಆಮೇಲೆ ಇವರನ್ನ ಯಾರು ಮೂಸ್ತಾರೆ?" ಎಂದು ಅವರು ಗುಡುಗುತ್ತಿದ್ದರು.

"ಸಾರ್, ನಿಮ್ಮ ಬಕೆಟ್ಟು ತುಂಬಿ ಚೆಲ್ತಾ ಇದೆ," ಎನ್ನುತ್ತಿದ್ದರು ಹಿಂದಿದ್ದವರು.

ಅವರು ದಿನಪತ್ರಿಕೆಯೊಂದರಲ್ಲಿ ಪ್ರೂಫ್ ರೀಡರು. ಇಪ್ಪತ್ತೆರಡು ವರ್ಷ ಊರವರ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿದ್ದರಿಂದ ಬೀದಿಯವರು ಇಟ್ಟ ಹೆಸರು ತಿದ್ದುಪಡಿಯವರು. (ಮದುವೆಗೆ ಕರೆಯಲು ಬಂದವರಿಗೂ ಆಮಂತ್ರಣ ಪತ್ರಿಕೆಯಲ್ಲಿ ಎರಡು ಅಲ್ಪವಿರಾಮ ಹಾಕಿಕೊಟ್ಟೇ ಶುಭ ಕೋರುವವರು.) ವಾರಕ್ಕೊಂದು ವಾಚಕರ ಪತ್ರ ಬರೆಯದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಆ ಪತ್ರಗಳಲ್ಲಿ ಅವರು ಯಾವ ನಾಯಕನನ್ನೂ ಬಿಟ್ಟವರಲ್ಲ.

ಅಂಥವರ ಕೈಗೆ ಬಕೆಟ್ಟು ಬಂದ ಬಗೆ ಹೀಗೆ. ಕೆಳಗಿನ ಮನೆ ಅವರದು, ಮಹಡಿ ಮನೆ ಬಸ್ ಡ್ರೈವರರದು. ಎರಡಕ್ಕೂ ಸೇರಿ ನೀರಿನ ಸಂಪು ಒಂದೇ, ಮೋಟಾರು ಒಂದೇ. ಮೋಟಾರಿಗೆ ಮೆಟ್ಟಿಲ ಕೆಳಗೊಂದು ಪುಟ್ಟ ಕೋಣೆ. ಡ್ರೈವರರು ಒಂದು ಬೆಳಗ್ಗೆ ಮೋಟಾರು ಹಾಕಿ ಆರಿಸುವುದನ್ನು ಮರೆತರು. ಟ್ಯಾಂಕು ತುಂಬಿ ಹರಿದು ಕೆಳಗಿದ್ದ ಸ್ಕೂಟರಿನ ಸೀಟು ನೆನೆಯಿತು. ತಿದ್ದುಪಡಿಯವರು ನೋಡದೆ ಅದರ ಮೇಲೆ ಕೂತು ಕಚೇರಿಗೆ ಹೋದರು. ಅಂದು ಇಡೀ ಸಂಪಾದಕೀಯ ವಿಭಾಗವು ಅವರ ಪ್ಯಾಂಟಿನ ಹಿಂಬದಿಯ ಪ್ರೂಫ್ ನೋಡಿತು.

ಸಂಜೆಯೇ ಅವರು ಮೋಟಾರು ಕೋಣೆಗೆ ಬೀಗ ಜಡಿದರು. ಗಂಟೆಯೊಳಗೆ ಡ್ರೈವರರು ಅದೇ ಚಿಲಕಕ್ಕೆ ತಮ್ಮದೊಂದು ಬೀಗ ಜಡಿದರು. ಅಲ್ಲಿಗೆ ಎರಡು ಮನೆಗೂ ನೀರು ಬಂದ್. (ನಡುವೆ ಮತ ಕೇಳಲು ಬಂದ ವಾರ್ಡಿನ ಸದಸ್ಯರು "ನೀವು ಬಗ್ಗಬೇಡಿ ಸಾರ್, ನಾನಿದ್ದೀನಿ" ಎಂದು ಕೆಳಗೆ ಹೇಳಿ, ಮಹಡಿ ಹತ್ತಿ ಅದನ್ನೇ ಅಲ್ಲೂ ಹೇಳಿ ಇಳಿದು ಹೋಗಿದ್ದರು. ಆಮೇಲೆ ಅವರಿರಲಿಲ್ಲ.)

ನಲವತ್ತೊಂದನೆಯ ದಿನ ಭಾನುವಾರ. ಎಂದಿನಂತೆ ಎರಡು ಬಕೆಟ್ಟು ಹೊತ್ತು ತಂದಿಟ್ಟು, ಬೆನ್ನು ನೀವಿಕೊಳ್ಳುತ್ತ ಕೂತ ತಿದ್ದುಪಡಿಯವರು ಅಂದಿನ ಪತ್ರಿಕೆಯಲ್ಲಿ ತಮ್ಮ ಪತ್ರ ಕಂಡು ಅರಳಿದರು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದರು. ಪತ್ರ ಓದಿ ಹೇಳಿದರು: "ಚೆನ್ನಾಗಿದೆ ರೀ. ಇದು ದೇಶಗಳಿಗೆ ಮಾತ್ರಾನೋ, ಮಹಡಿ ಮನೆಗೂ ಅನ್ವಯಿಸುತ್ತೋ?"

"ಅದು ತತ್ವದ ಪ್ರಶ್ನೆ!"

"ಪ್ಯಾಂಟಿನ ಪ್ರಶ್ನೆ ಅಂದ್ಕೊಂಡಿದ್ದೆ."

"ನಾನೇನು ಕೂರಲ್ಲ ಅಂದ್ನಾ? ಬರಲಿ ಅವನು. ಮಾತುಕತೆಗೆ ನಾನು ಹೆದರೋನಲ್ಲ!"

"ಬರ್ತಾರೆ. ಹತ್ತು ಗಂಟೆಗೆ, ಮೆಟ್ಟಿಲ ಹತ್ರ."

"ಬರ್ತಾನೆ ಅಂತ ನಿನಗೆ ಹೇಗೆ ಗೊತ್ತು?"

ಹೊಲಿಗೆ ಯಂತ್ರ ಗಡಗಡ ಸದ್ದು ಮಾಡಿತು.

ಹತ್ತು ಗಂಟೆಗೆ ಅವರು ಕೈಯಿರುವ ಕುರ್ಚಿಯನ್ನು ಹೊತ್ತು ಶೃಂಗಸಭೆಗೆ ಹೊರಟರು. ಅಂಗಳದ ಹಗ್ಗದ ಮೇಲೆ ಆಗಷ್ಟೇ ಒಗೆದ ಏಳು ಹೊದಿಕೆಗಳು ನೀರಿಳಿಸುತ್ತ ತೂಗುತ್ತಿದ್ದವು. ದಿನಕ್ಕೆ ಎರಡು ಬಕೆಟ್ಟಿನ ಮನೆಯಲ್ಲಿ ಏಳು ಹೊದಿಕೆ! ತಿದ್ದುಪಡಿಯವರು ಅವುಗಳಡಿ ತಲೆ ಬಗ್ಗಿಸಿ ನಡೆದು, ಮೀಟರಿನ ಮೇಲಿದ್ದ 'ಅಪಯ' ಎಂಬ ಫಲಕಕ್ಕೆ ಜೇಬಿನ ಪೆನ್ನಿನಿಂದ ದೀರ್ಘ ಎಳೆದು ಮುಂದೆ ಹೋದರು. ಅವರ ಕಸುಬೇ ಹಾಗೆ. ಅಕ್ಷರ ತಪ್ಪಿದರೆ ಕಣ್ಣಿಗೆ ಬೀಳುತ್ತದೆ, ಅರ್ಥ ತಪ್ಪಿದರೆ ಬೀಳುವುದಿಲ್ಲ.

ಡ್ರೈವರರು ಆಗಲೇ ಮೂರನೆಯ ಮೆಟ್ಟಿಲಲ್ಲಿ ಕೂತಿದ್ದರು.

"ನೀವು ಅಲ್ಲಿ ಕೂತ್ರೆ ನಾನು ತಲೆಯೆತ್ತಿ ಮಾತಾಡಬೇಕಾಗುತ್ತೆ. ಅದು ಸಮಾನತೆ ಅಲ್ಲ."

"ನಾನು ಮಹಡಿಯವನು ಸಾರ್. ಮೇಲಿಂದ ಬರದೆ ನೆಲ ಸೀಳ್ಕೊಂಡು ಬರ್ಲಾ?"

"ಹಾಗಾದ್ರೆ ನನ್ನ ಕುರ್ಚಿ ನಾಲ್ಕನೇ ಮೆಟ್ಟಿಲಲ್ಲಿ ಇರಲಿ."

"ಕೈಯಿರೋ ಕುರ್ಚಿ ಆಗಲ್ಲ. ನನ್ನ ಮೆಟ್ಟಿಲಿಗೆ ಕೈ ಇಲ್ಲ."

ಹೀಗೆ ಇಪ್ಪತ್ತೈದು ನಿಮಿಷ ಕಳೆಯಿತು. ಆಗ ಡ್ರೈವರರು ಷರ್ಟಿನೊಳಗಿಂದ ಅಂದಿನ ಪತ್ರಿಕೆ ತೆಗೆದು, ಬಸ್ಸಿನಲ್ಲಿ ಕಂಡಕ್ಟರು ನಿಲ್ದಾಣ ಕೂಗುವ ಗಂಟಲಲ್ಲಿ ಓದತೊಡಗಿದರು:

"'ಸಭೆಯಲ್ಲಿ ಯಾರ ಕುರ್ಚಿ ಎಲ್ಲಿರಬೇಕೆಂದು ಮೂರು ದಿನ ಚರ್ಚಿಸಿದ ಮಹಾನುಭಾವರೇ, ಗಡಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ನಿಮ್ಮ ಕುರ್ಚಿ ಕಟ್ಟಿಕೊಂಡು ಏನಾಗಬೇಕು? ಮೊದಲು ಕೈ ಚಾಚಿದವನು ಹೇಡಿಯೆಂದು ನಿಮಗೆ ಹೇಳಿಕೊಟ್ಟವರು ಯಾರು?'"

"ನಿಲ್ಲಿಸ್ರೀ! ಬರೆದೋನು ನಾನೇ."

"ಗೊತ್ತು ಸಾರ್. ಬರೆದೋರು ಓದಿದಾರೋ ಇಲ್ವೋ ಅಂತ ನೋಡ್ತಿದ್ದೆ."

ತಿದ್ದುಪಡಿಯವರ ಕಿವಿ ಕೆಂಪಾಯಿತು. ಆ ಸಾಲುಗಳನ್ನು ಅವರು ಸುಮ್ಮನೆ ಬರೆದಿರಲಿಲ್ಲ. ಆ ತಾಯಿಯ ಫೋಟೊ ಅಚ್ಚಿಗೆ ಹೋಗುವ ಮುನ್ನ ಅಡಿಬರಹ ತಿದ್ದಿದವರು ಅವರೇ. ಕುರ್ಚಿಯನ್ನು ಬದಿಗೆ ತಳ್ಳಿದರು.

"ಬನ್ನಿ. ಇಬ್ಬರೂ ಒಟ್ಟಿಗೆ ತೆಗೆಯೋಣ. ಮೂರು ಎಣಿಸ್ತೀನಿ."

ಇಬ್ಬರೂ ತಮ್ಮ ತಮ್ಮ ಬೀಗಕ್ಕೆ ಕೀ ತೂರಿಸಿದರು. ಒಂದು, ಎರಡು, ಮೂರು. ಯಾರೂ ತಿರುಗಿಸಲಿಲ್ಲ.

"ನೀವ್ಯಾಕೆ ತಿರುಗಿಸ್ಲಿಲ್ಲ?"

"ನೀವು ತಿರುಗಿಸ್ತೀರೋ ಇಲ್ವೋ ಅಂತ ನೋಡ್ತಿದ್ದೆ."

"ನಾನೂ ಅದನ್ನೇ ನೋಡ್ತಿದ್ದೆ!"

ಇಬ್ಬರಿಗೂ ನಗು ಬಂತು, ಇಬ್ಬರೂ ಅದನ್ನು ಕೆಮ್ಮಿ ಮುಚ್ಚಿದರು. ನಾಲ್ಕನೆಯ ಎಣಿಕೆಗೆ ಬೀಗಗಳು ಕಳಚಿದವು. ನಲವತ್ತು ದಿನ ಮುಟ್ಟದ ಬೀಗ ತುಕ್ಕು ಹಿಡಿದು ಹಟ ಮಾಡಬೇಕಿತ್ತು. ಇವು ಬೆಣ್ಣೆಯಂತೆ ತಿರುಗಿದವು.

ಒಳಗೆ ಎರಡು ಮಣೆ. ಮೊಳೆಗೆ ನೇತುಬಿದ್ದ ಕನ್ನಡಿ. ಎರಡು ಚಹಾ ಲೋಟ, ತಳದಲ್ಲಿ ಇನ್ನೂ ಒದ್ದೆ. ಪಕ್ಕದಲ್ಲಿ ಹೊಲಿಗೆ ಯಂತ್ರದ ಎಣ್ಣೆ ಬುಡ್ಡಿ. ಡ್ರೈವರರು ಮೋಟಾರಿನ ಮೇಲೆ ಕೈಯಿಟ್ಟು ಫಕ್ಕನೆ ತೆಗೆದರು.

"ಸಾರ್... ಬೆಚ್ಚಗಿದೆ!"

ಹಿಂದೆ ಇಬ್ಬರು ಹೆಂಗಸರು ನಿಂತಿದ್ದರು: ರವಿಕೆಯ ತೋಳು ಕೈಯಲ್ಲಿ ಹಿಡಿದೇ ಬಂದ ಹೆಂಡತಿ, ಪಕ್ಕದಲ್ಲಿ ಡ್ರೈವರರ ಹೆಂಡತಿ, ಆಸ್ಪತ್ರೆಯ ನರ್ಸಮ್ಮ.

"ಇದೆಷ್ಟು ದಿನದಿಂದ?" ಎಂದರು ತಿದ್ದುಪಡಿಯವರು.

"ಮೂರನೇ ದಿನದಿಂದ," ಎಂದರು ನರ್ಸಮ್ಮ. "ಒಂದೊಂದು ಬೀಗಕ್ಕೆ ಎರಡೆರಡು ಕೀ ಕೊಡ್ತಾರಲ್ಲ ಸಾರ್. ನೀವಿಬ್ರೂ ಬೀದಿ ನಲ್ಲಿಗೆ ಹೋದಾಗ ಮೋಟಾರು ಹಾಕೋದು, ಬರೋ ಹೊತ್ತಿಗೆ ಮನೆಯ ನಲ್ಲಿಗೆ ನೀರು ಬಿಡೋ ವಾಲ್ವು ಮುಚ್ಚಿಡೋದು."

"ಮತ್ತೆ ನಾನು ಹೊತ್ತು ತಂದ ನೀರು?"

"ಹೂವಿನ ಕುಂಡಕ್ಕೆ. ನೋಡಿ, ಹೇಗೆ ಅರಳಿವೆ!"

"ಅದಿರಲಿ. ಸಂಧಾನದಲ್ಲಿ ಮೊದಲು ಸೋತೋರು ಯಾರು? ನೀನೋ, ಅವರೋ?" ತಿದ್ದುಪಡಿಯವರು ಇನ್ನೂ ಬಿಡಲಿಲ್ಲ.

"ಸೋಲೋಕೆ ಪುರುಸೊತ್ತೆಲ್ಲಿತ್ತು ರೀ? ಒಲೆ ಮೇಲೆ ಪಾತ್ರೆ ಇಟ್ಟು ಬಂದಿದ್ದೆ."

ನಾಲ್ಕೂ ಕೀಗಳು ಹೆಂಗಸರ ವಶವಾದವು. ಗಂಡಸರು ಬೀದಿ ನಲ್ಲಿಯಿಂದ ಕುಂಡಗಳಿಗೆ ನೀರು ತರುವುದನ್ನು ಮುಂದುವರಿಸತಕ್ಕದ್ದು ಎಂದು ಒಪ್ಪಂದವಾಯಿತು. (ಚರ್ಚೆಗೆ ಅವಕಾಶವಿರಲಿಲ್ಲ.)

ತಿದ್ದುಪಡಿಯವರು ಬಗ್ಗುವವರೇ? ಅದೇ ಮಧ್ಯಾಹ್ನ ಕಾಗದ ಎಳೆದುಕೊಂಡು ಮೂರು ಪುಟ ಬೆಂಕಿ ಕಾರಿದರು: ಯುದ್ಧ ಬೇಕೆನ್ನುವ ನಾಯಕರ ಕೈಗೆ ಎರಡೆರಡು ಬಕೆಟ್ಟು ಕೊಟ್ಟು ಬೀದಿ ನಲ್ಲಿಗೆ ಅಟ್ಟಿರಿ, ವಾರದಲ್ಲಿ ಶಾಂತಿ ಬರುತ್ತದೆ!

ಹೆಂಡತಿ ಓದಿ ತಲೆ ಅಲ್ಲಾಡಿಸಿದರು. "ನೀವು ನಲವತ್ತು ದಿನ ಹೊತ್ರಿ. ಬಂತಾ? ಬರ್ಕೊಳ್ಳಿ: 'ಕೀಗಳನ್ನು ಅವರ ಕೈಯಿಂದ ಕಿತ್ತು, ಒಲೆ ಮೇಲೆ ಪಾತ್ರೆ ಇಟ್ಟು ಬಂದವರಿಗೆ ಕೊಡಿ.'"

"ನನ್ನ ಪತ್ರಕ್ಕೇ ತಿದ್ದುಪಡಿಯಾ?" ಎಂದು ಅವರು ಕೂಗಾಡಿದರು. ಕೂಗಾಡುತ್ತಲೇ ಕೆಂಪು ಪೆನ್ನು ತೆಗೆದು ಕೊನೆಯಲ್ಲಿ ಆ ಸಾಲು ಸೇರಿಸಿದರು.

ಮುಂದಿನ ಭಾನುವಾರ ಪತ್ರ ಅಚ್ಚಾಯಿತು. ಸಂಪಾದಕರು ಮೂರು ಪುಟವನ್ನೂ ಕತ್ತರಿಸಿ ಎಸೆದು, ಕೊನೆಯ ಸಾಲನ್ನು ಮಾತ್ರ ಚೌಕಟ್ಟು ಕಟ್ಟಿ, ಅಡಿಯಲ್ಲಿ ತಿದ್ದುಪಡಿಯವರ ಹೆಸರು ಹಾಕಿದ್ದರು. ಬೀದಿ ನಲ್ಲಿಯ ಸಾಲಿಗೆ ಸಾಲೇ ಅವರ ಬೆನ್ನು ತಟ್ಟಿತು. ಡ್ರೈವರರು ಅವರ ಒಂದು ಬಕೆಟ್ಟನ್ನು ತಾವೇ ಹೊತ್ತು ತಂದರು.

ಮನೆಯಲ್ಲಿ ಹೆಂಡತಿ ಪತ್ರಿಕೆ ಮಡಚಿ ಅವರ ಮುಂದಿಟ್ಟರು.

"ಹೆಸರು ತಪ್ಪು ಬಿದ್ದಿದೆಯಲ್ರೀ. ನೀವಾದ್ರೂ ಸರಿಯಾಗಿ ಪ್ರೂಫ್ ನೋಡಬಾರದಿತ್ತಾ?"