ಪಂಢರಿನಾಥನ ಸಂಧಾನ

ಜರ್ಮನಿಯ ಯುದ್ಧ ದೀಪಾವಳಿಗೆ ಮುಗಿಯುತ್ತದೆ ಎಂದಿದ್ದವರು, ಯಾವ ದೀಪಾವಳಿ ಎಂದು ಹೇಳುವುದನ್ನು ಈಗ ಬಿಟ್ಟುಬಿಟ್ಟಿದ್ದರು. ಪಂಢರಿನಾಥ ಪುಣೆಯ ಕ್ಯಾಂಪಿನ ಫೌಜಿನ ಕಚೇರಿಯಲ್ಲಿ ಕಾರಕೂನ. ಹೀಗಾಗಿ ಯುದ್ಧ ನಿಲ್ಲದ್ದಕ್ಕೆ ಅವನೇ ಹೊಣೆಯೆಂದು ಶುಕ್ರವಾರ ಪೇಟೆಯಲ್ಲಿ ಅವನಿದ್ದ ವಾಡೆಯ, ಒಂದೇ ಅಂಗಳದ ಸುತ್ತಲಿನ ಮನೆಗಳವರೆಲ್ಲ ನಂಬಿದ್ದರು.

“ಎರಡೂ ಕಡೆಯವರಿಗೆ ಸಾಕಾಗೇದ ಅಂತೀರಿ. ಮತ್ತ ಯಾಕ ಬಿಡವಲ್ಲರು?” ಶ್ರಾವಣದ ಆ ಭಾನುವಾರ ಹೆಂಡತಿ ಅಂಬಾ ಕೇಳಿದಳು.

ಅವನು ಬಾಯಿ ತೆರೆಯುವಷ್ಟರಲ್ಲಿ ಅಂಗಳದಲ್ಲಿ ಗದ್ದಲ ಎದ್ದಿತು. ಬಟ್ಟೆ ಒಣಹಾಕುವ ಹಗ್ಗದಲ್ಲಿ ಬಿಸಿಲು ಬೀಳುವ ತುದಿ ಯಾರದೆಂದು ಅರಿವೆ ವ್ಯಾಪಾರಿ ರಾಮಲಿಂಗಪ್ಪನೂ ಶಾಲಾ ಮಾಸ್ತರ ಕೃಷ್ಣಾಜಿಯೂ ಜಗ್ಗಾಡುತ್ತಿದ್ದರು. ಹಗ್ಗ ಹರಿಯಿತು. ಇಬ್ಬರೂ ಬೇರೆ ಬೇರೆ ಹಗ್ಗ ಕಟ್ಟಿದರು. ಹಗ್ಗ ಎತ್ತಿ ನಿಲ್ಲಿಸಲು ಮಾಸ್ತರನಿಗೆ ನೆರೆಮನೆಯ ರಾಧಾಬಾಯಿ ಬಿದಿರು ಕೊಟ್ಟಳು. ರಾಮಲಿಂಗಪ್ಪನಿಗೆ ಎದುರುಮನೆಯ ರುದ್ರವ್ವ ಒನಕೆ ತಂದುಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಅಂಗಳ ಭಂಗಿ ಸೇದಿದ ಜೇಡ ನೇಯ್ದ ಬಲೆಯಂತಾಯಿತು. ಮೋಡ ಕವಿದು ಬಿಸಿಲು ಯಾವಾಗಲೋ ಹೋಗಿತ್ತು. ಒನಕೆಯೂ ಮುರಿದಿತ್ತು.

ಪಂಢರಿನಾಥ ಸಂಧಾನಕ್ಕೆ ಇಳಿದ.

“ನನಗೂ ಸಾಕಾಗೇದ್ರಿ,” ಎಂದ ರಾಮಲಿಂಗಪ್ಪ ಪಿಸುಮಾತಿನಲ್ಲಿ. “ಆದ್ರ ಈಗ ಬಿಟ್ರ ರುದ್ರವ್ವನ ಒನಕಿ ಸುಮ್ಮನ ಮುರದಂಗಾತಲ್ರಿ? ಮೊದಲ ಮಾಸ್ತರ ಬಿಡ್ಲಿ.”

ಮಾಸ್ತರನೂ ಪಿಸುಗುಟ್ಟಿದ: “ನಾ ಬಿಟ್ರ ರಾಧಾಬಾಯಿಗೆ ಏನ್ ಮಾರಿ ತೋರಿಸ್ಲಿರಿ? ಮೊದಲ ಅವರು ಬಿಡ್ಲಿ. ಅದಿರ್ಲಿ, ನೀವು ಅವರ ಮನ್ಯಾಗ ಚಹಾ ಕುಡದ್ರಂತ?”

ಓಡಾಡಿ ಓಡಾಡಿ ಪಂಢರಿನಾಥನಿಗೆ ತಾನು ಯಾರ ಮಾತನ್ನು ಯಾರಿಗೆ ಹೇಳುತ್ತಿದ್ದೇನೆ ಎಂಬುದೇ ಮರೆಯಿತು. ಕೊನೆಗೆ ಸಾಕಾಗಿ ಇಬ್ಬರ ನಡುವೆ ನಿಂತು ಕೂಗಿದ: “ನಿಮ್ಮಿಬ್ಬರ ಜಾಗಾನೂ ಬ್ಯಾಡ್ರಿ! ಯಾರ ಕಡೀನೂ ಅಲ್ಲದ ಜಾಗಾದಾಗ ಹಾಕ್ರಿ!”

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಂಥ ಜಾಗ ವಾಡೆಯಲ್ಲಿ ಒಂದೇ ಇತ್ತು. ಅವನು ಬೇಡವೆನ್ನುವುದರೊಳಗೆ ಅವನದೇ ಮನೆಯೊಳಗೆ ಬಾಗಿಲಿಂದ ಕಿಟಕಿಗೆ ಹಗ್ಗ ಬಿತ್ತು. ರಾಜಿಯಾಯಿತು. ರಾಮಲಿಂಗಪ್ಪ ಮಾಸ್ತರನನ್ನು ಅಪ್ಪಿಕೊಂಡ; ರಾಧಾಬಾಯಿ ರುದ್ರವ್ವನಿಗೆ ಕುಂಕುಮ ಹಚ್ಚಿದಳು.

ಗುಡಿಯಿಂದ ಬಂದ ಅಂಬಾ ರೊಟ್ಟಿ ಹಿಟ್ಟಿನ ಮೇಲೆ ತೊಟ್ಟಿಕ್ಕುತ್ತಿದ್ದ ಧೋತರಗಳನ್ನು ನೋಡಿದಳು. ಈಳಿಗೆ ತಂದು ಹಗ್ಗ ಕೊಯ್ದು, ಎಲ್ಲವನ್ನೂ ಅಂಗಳದ ರಾಡಿಗೆ ಎಸೆದಳು.

ಸಂಜೆ ಪಂಢರಿನಾಥ ನಲ್ಲಿಯ ಮುಂದೆ ಕೂತು ಎರಡು ಮನೆಯ ಧೋತರ ಒಗೆಯುತ್ತಿದ್ದ. ಹೊಸ ಗೆಳೆಯರಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಉಸ್ತುವಾರಿ ನಡೆಸಿದ್ದರು.

“ಮೊದಲ ನಂದು ಒಗೀರಿ,” ಎಂದ ರಾಮಲಿಂಗಪ್ಪ.

ಮಾಸ್ತರ ಹೆಗಲಿಂದ ಕೈ ತೆಗೆದ. “ಯಾಕ್ರಿ? ನಿಮ್ಮದ್ಯಾಕ ಮೊದಲು?”

ರುದ್ರವ್ವ ಒಳಗಿನಿಂದ ಇನ್ನೊಂದು ಒನಕೆ ತಂದಳು.