ನನ್ನನ್ನು ‘ವೀರ’ ಎಂದು ಕರೆದ ಧ್ವನಿ

ಈ ಸಲ ಬಿಡುವುದೇ ಇಲ್ಲ ಅಂತ ತೀರ್ಮಾನ ಮಾಡಿದ್ದೆ. ಹೊಸ ಗೇಮ್ ಬಂದ ದಿನವೇ ರಜೆ ಹಾಕಿ, ಅನ್ನ ನೀರು ಬಿಟ್ಟಾದರೂ ಸರಿ, ಫೋನಿನಲ್ಲಿರುವ ನಮ್ಮ ಅಭಿಮಾನಿ ಬಳಗದಲ್ಲಿ ಎಲ್ಲರಿಗಿಂತ ಮೊದಲು ವಿಮರ್ಶೆ ಬರೆಯಬೇಕು. ವಯಸ್ಸು ನಲವತ್ತು ದಾಟಿದೆ, ತಲೆ ಮುಂದಿನಿಂದ ಖಾಲಿಯಾಗುತ್ತಾ ಬಂದಿದೆ, ಆದರೂ ಬಳಗದಲ್ಲಿ ನನ್ನ ಹೆಸರು ‘ದಳಪತಿ’. ಅಲ್ಲಿ ನಾನು ಎದ್ದರೆ ಸಾವಿರ ಜನ ಏಳುತ್ತಾರೆ. ಮನೆಯಲ್ಲಿ ನಾನು ಎದ್ದರೆ, “ಹೇಗೂ ಎದ್ರಲ್ಲ, ಆ ಕಸದ ಬುಟ್ಟಿ ಹೊರಗಿಡಿ” ಅಂತಾಳೆ ಹೆಂಡತಿ.

ಹಗಲು ನಾನು ಕಿವಿ ಪರೀಕ್ಷೆ ಮಾಡುವವನು. ಕಿವಿಯ ಮಷೀನು ಮಾರುವ ಅಂಗಡಿಯಲ್ಲಿ ಕೆಲಸ. ಬಂದವರನ್ನು ಸದ್ದು ಹೊಗದ ಗಾಜಿನ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದೇ ಸದ್ದು ಬಿಟ್ಟು, “ಕೇಳಿಸಿದ ತಕ್ಷಣ ಕೈ ಎತ್ತಿ” ಅನ್ನುವುದು. ಸೂಜಿ ಬಿದ್ದರೆ ಅದು ಬಟ್ಟೆ ಹೊಲಿಯುವುದೋ ಗೋಣಿ ಹೊಲಿಯುವುದೋ ಹೇಳಬಲ್ಲೆ ಎಂಬ ಜಂಬ ನನಗಿತ್ತು. ‘ಇತ್ತು’ ಅಂದೆ, ಗಮನಿಸಿ.

ನನ್ನ ಹೆಂಡತಿಯ ಕೆಲಸ ಧ್ವನಿ ಕೊಡುವುದು. ಲಿಫ್ಟಿನಲ್ಲಿ “ಬಾಗಿಲು ಮುಚ್ಚುತ್ತಿದೆ” ಅನ್ನುವವಳು ಅವಳೇ, ಬ್ಯಾಂಕಿನ ಫೋನಿನಲ್ಲಿ “ಒಂದನ್ನು ಒತ್ತಿ” ಅನ್ನುವವಳೂ ಅವಳೇ. ಊರಿಗೆಲ್ಲ ಬೆಣ್ಣೆಯಂತೆ ಮಾತಾಡುವವಳು ಮನೆಗೆ ಬಂದರೆ ಆ ಬೆಣ್ಣೆಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಾಳೆ. ಹೋದ ವರ್ಷ ಯಾವುದೋ ಸ್ಟುಡಿಯೋದಲ್ಲಿ ವಾರಗಟ್ಟಲೆ ಕೂತು ತಲೆಬುಡವಿಲ್ಲದ ವಾಕ್ಯಗಳನ್ನು ಓದಿ ಬಂದಿದ್ದಳು. “ಫೋನ್ ಸೇವೆಗಂತೆ” ಅಂದಳು. ಅಲ್ಲಿಂದಾಚೆಗೆ ಕೆಲಸ ಕಡಿಮೆಯಾಗುತ್ತಾ ಬಂತು. “ಯಾಕೋ ಈಗೀಗ ಯಾರೂ ಕರೀತಿಲ್ಲ ರೀ” ಅಂದಾಗ ನಾನು, ಟಿವಿಯಿಂದ ಕಣ್ಣು ತೆಗೆಯದೆ, “ಸೀಸನ್ ಅಲ್ಲ ಅನ್ಸುತ್ತೆ” ಅಂದಿದ್ದೆ. ಮಾತಿಗೂ ಹಣ್ಣಿನ ಹಾಗೆ ಸೀಸನ್ ಇರುತ್ತದೆ ಎಂದು ನಂಬಿದ್ದ ಮಹಾಶಯ ನಾನು.

ಇನ್ನು ಗೇಮ್ ಕಂಪನಿಯ ಯಜಮಾನ. ವೇದಿಕೆಯ ಮೇಲೆ ಯಾವಾಗಲೂ ಬರಿಗಾಲಲ್ಲಿ ನಡೆಯುತ್ತಾನೆ, ಬಳಗದವರು ಪ್ರೀತಿಯಿಂದ ‘ಬರಿಗಾಲಪ್ಪ’ ಅಂತೀವಿ. ಅಷ್ಟು ದುಡ್ಡಿದ್ದೂ ಚಪ್ಪಲಿ ಇಲ್ಲ, ಎಂಥ ಸರಳತೆ ಅಂತ ನಾನು ಉದ್ದುದ್ದ ಬರೆದಿದ್ದೆ. ಬಿಡುಗಡೆಯ ಭಾಷಣದಲ್ಲಿ ಆತ ಹೇಳಿದ: “ಈ ಸಲ ಗೇಮ್ ಕನ್ನಡವನ್ನೂ ಮಾತಾಡುತ್ತದೆ. ಇದಕ್ಕಾಗಿ ಒಬ್ಬನೇ ಒಬ್ಬ ಮನುಷ್ಯನೂ ಮೈಕಿನ ಮುಂದೆ ನಿಂತಿಲ್ಲ. ಯಂತ್ರವೇ ಮಾತಾಡಿದೆ.” ಸಭೆಯೆಲ್ಲ ಚಪ್ಪಾಳೆ. ಸೋಫಾದ ಮೇಲೆ ನಾನೂ ಚಪ್ಪಾಳೆ.

ಹಿಂದೆ ಬಟ್ಟೆ ಮಡಚುತ್ತಿದ್ದ ಹೆಂಡತಿ ಕೇಳಿದಳು, “ಯಂತ್ರಕ್ಕೆ ಕನ್ನಡ ಹೇಳಿಕೊಟ್ಟಿದ್ದು ಯಾರು?”

“ಅದಾಗೇ ಕಲಿಯುತ್ತೆ. ನಿನಗೆ ಅರ್ಥ ಆಗಲ್ಲ ಬಿಡು.”

ಅವಳು ಬಿಟ್ಟಳು.

ಗೇಮ್ ಬಂತು. ಹೆಡ್‌ಫೋನ್ ಹಾಕಿಕೊಂಡು ಕೂತೆ. ನೆಲದಡಿಯ ಕತ್ತಲ ಊರಿನಲ್ಲಿ ವೀರನೊಬ್ಬ ದಾರಿ ತಪ್ಪಿದ್ದಾನೆ. ಅವನ ಕೈಯಲ್ಲೊಂದು ಕಂದೀಲು, ಕಂದೀಲಿನೊಳಗೆ ಒಬ್ಬ ಹೆಣ್ಣು, ಅವಳೇ ದಾರಿ ತೋರಿಸುವವಳು. ಏನು ಧ್ವನಿ ಅಂತೀರಿ! ನಾನು ಬಿದ್ದರೆ “ಏಳು ವೀರ” ಅನ್ನುತ್ತಿದ್ದಳು. ಒಂದು ಹಲ್ಲಿಯಂಥ ಪ್ರಾಣಿಯನ್ನು ಹೊಡೆದರೂ “ನಿನ್ನಂಥವನು ಇನ್ನೊಬ್ಬನಿಲ್ಲ” ಅನ್ನುತ್ತಿದ್ದಳು. ಮದುವೆಯಾದಾಗಿನಿಂದ ಇಷ್ಟು ಹೊಗಳಿಕೆ ಒಟ್ಟಿಗೆ ನನ್ನ ಕಿವಿಗೆ ಬಿದ್ದಿರಲಿಲ್ಲ. ಬಳಗಕ್ಕೆ ಕೂಡಲೇ ಬರೆದೆ: “ಇಂಥ ಧ್ವನಿ ಮನೆಯಲ್ಲಿದ್ದಿದ್ದರೆ, ನಾವ್ಯಾಕೆ ಗೇಮ್ ಆಡುತ್ತಿದ್ದೆವು? ಬರಿಗಾಲಪ್ಪನ ಯಂತ್ರಕ್ಕೆ ದಳಪತಿಯ ಪ್ರಣಾಮ.” ಬಳಗ ಕುಣಿದಾಡಿತು.

ಮಾರನೆಯ ದಿನ ಹೆಂಡತಿ ಕೆಲಸ ಕೇಳಿಕೊಂಡು ಆ ಸ್ಟುಡಿಯೋಗೆ ಹೋಗಿದ್ದಳು. ಮನೆಯಲ್ಲಿ ನಾನು, ನಮ್ಮ ಜೊತೆಗೇ ಇರುವ ನನ್ನ ಅತ್ತೆ, ಮತ್ತು ಕಂದೀಲಿನ ಹೆಣ್ಣು. ಬೈಯುವವರಿಲ್ಲ ಅಂತ ಹೆಡ್‌ಫೋನ್ ಕಳಚಿಟ್ಟಿದ್ದೆ. ಅತ್ತೆಗೆ ಕಿವಿ ಮಂದ, ನಾನೇ ಮಷೀನು ಹಾಕಿಸಿದ್ದೇನೆ. ರೂಮಿನಿಂದಲೇ ಕೂಗಿದರು, “ಬಂದೆಯೇನೇ? ಹೋದ ಕೆಲಸ ಆಯ್ತಾ?”

“ಅವಳಿನ್ನೂ ಬಂದಿಲ್ಲ ಅತ್ತೆ.”

“ಮತ್ತೆ, ಮಾತಾಡ್ತಿದ್ದಾಳಲ್ಲ?”

“ಅದು ಗೇಮು.”

ಅಷ್ಟರಲ್ಲಿ ಕಂದೀಲು ಅಂದಿತು, “ಹೆದರಬೇಡ ವೀರ, ನಿನ್ನ ಬೆನ್ನಿಗೆ ನಾನಿದ್ದೀನಿ.” ಅತ್ತೆ ಬಾಗಿಲಿಗೆ ಬಂದು ನಿಂತರು. ಮೊದಲು ನಾಚಿಕೊಂಡರು, ಗಂಡಹೆಂಡಿರ ಮಾತಿನ ನಡುವೆ ಬಂದೆನೇನೋ ಅಂತ. ಆಮೇಲೆ ಟಿವಿ ನೋಡಿದರು.

“ಅಳಿಯಂದ್ರೇ, ನನ್ನ ಮಗಳನ್ನ ಯಾಕೆ ಆ ಡಬ್ಬೀಲಿ ಹಾಕಿದ್ದೀರಿ?”

“ಅತ್ತೆ, ಮಷೀನಿನ ಬ್ಯಾಟರಿ ಮುಗಿದಿರಬೇಕು, ಕೊಡಿ ನೋಡ್ತೀನಿ.”

“ಬ್ಯಾಟರಿ ಚೆನ್ನಾಗಿದೆ. ‘ಹೆದರಬೇಡ’ ಅನ್ನುವಾಗ ಕೊನೇಲಿ ಒಂಚೂರು ಎಳೀತಾಳೆ, ಚಿಕ್ಕಂದಿನಿಂದ ಹಾಗೇ. ನಿಮಗೆ ಕೇಳಿಸಲಿಲ್ವಾ?”

ಇನ್ನೊಮ್ಮೆ ಕೇಳಿದೆ. ಎಳೆತ ಇತ್ತು. ಊರವರ ಕಿವಿ ಪರೀಕ್ಷಿಸುವವನ ಕಿವಿಗೇ ಹೂವಿಟ್ಟಿದ್ದರು, ಅದೂ ನನ್ನದೇ ಹಿತ್ತಲಿನ ಹೂವು.

ಸಂಜೆ ಹೆಂಡತಿ ಬಂದಳು. ಹೆಗಲ ಚೀಲ ಇಳಿಸದೆ ನಿಂತು ಕಂದೀಲಿನ ಮಾತು ಕೇಳಿದಳು. “ಇನ್ನೊಂದ್ಸಲ ಹಾಕಿ.” ಕಂದೀಲು ಮಾತಾಡಲಿ ಅಂತ ನನ್ನ ವೀರನನ್ನು ನಾನೇ ಗುಂಡಿಗೆ ಬೀಳಿಸಿದೆ. “ಏಳು ವೀರ” ಅಂತು.

“ಈ ಮಾತು ನಾನು ಯಾವತ್ತೂ ಹೇಳಿಲ್ಲ” ಅಂದಳು ಹೆಂಡತಿ.

“ಅದು ನನಗೂ ಗೊತ್ತು. ಧ್ವನಿ?”

“ಧ್ವನಿ ನಂದೇ.” ಕುರ್ಚಿಯಲ್ಲಿ ಕೂತಳು. “ಇವತ್ತು ಸ್ಟುಡಿಯೋದವನು, ‘ನೀವು ಇನ್ಮೇಲೆ ಬರೋದೇ ಬೇಡಮ್ಮ, ನಿಮ್ಮ ಧ್ವನಿ ನಮ್ಮ ಹತ್ರ ಇದೆಯಲ್ಲ’ ಅಂದ. ಏನೋ ಹೊಗಳ್ತಿದ್ದಾನೆ ಅಂದ್ಕೊಂಡು ನಕ್ಕು ಬಂದೆ.”

ಆಮೇಲೆ ಕೈ ಚಾಚಿದಳು. “ಫೋನ್ ಕೊಡಿ. ಬಳಗದಲ್ಲಿ ಬರೆದಿರ್ತೀರಲ್ಲ, ಏನು ಬರೆದ್ರಿ ನೋಡೋಣ.”

ಕೊಡದೆ ವಿಧಿಯಿರಲಿಲ್ಲ. ಓದಿದಳು. ಮನಸ್ಸಿನಲ್ಲಿ ಅಲ್ಲ, ಗಟ್ಟಿಯಾಗಿ. ಆ ಬೆಣ್ಣೆಯ ಧ್ವನಿಯಲ್ಲಿ, ಅಲ್ಪವಿರಾಮಕ್ಕೆ ಅಲ್ಪವಿರಾಮ ಕೊಟ್ಟು: “ಇಂಥ ಧ್ವನಿ ಮನೆಯಲ್ಲಿದ್ದಿದ್ದರೆ, ನಾವ್ಯಾಕೆ ಗೇಮ್ ಆಡುತ್ತಿದ್ದೆವು?” ಅತ್ತೆ ತಮ್ಮ ಕಿವಿಯ ಮಷೀನು ತೆಗೆದು ಮೇಜಿನ ಮೇಲಿಟ್ಟು ರೂಮಿಗೆ ಹೋದರು.

ನನಗೆ ರೋಷ ಉಕ್ಕಿತು. ತಪ್ಪು ಮಾಡಿದ ಗಂಡನಿಗೆ ಬೇರೆಯವರ ಮೇಲೆ ಬರುವ ರೋಷ ಬಹಳ ದೊಡ್ಡದು. ಬಳಗದಲ್ಲಿ ಬರೆದೆ: “ಇದು ಯಂತ್ರವಲ್ಲ, ನನ್ನ ಹೆಂಡತಿ. ಬರಿಗಾಲಪ್ಪ ಧ್ವನಿಗಳ್ಳ. ಏಳಿ!” ಯಾರೂ ಏಳಲಿಲ್ಲ. “ಪ್ರಚಾರಕ್ಕಾಗಿ ಮಾಡ್ತಿದ್ದೀಯ” ಅಂದ ಒಬ್ಬ. “ಪ್ರಗತಿಗೆ ಅಡ್ಡ ಬರುವವರು ಎಲ್ಲ ಕಾಲದಲ್ಲೂ ಇರ್ತಾರೆ” ಅಂದ ಇನ್ನೊಬ್ಬ. ಅದು ನಾನೇ ಹಿಂದೊಮ್ಮೆ ಯಾರಿಗೋ ಬರೆದಿದ್ದ ಮಾತು. ಮತ್ತೊಬ್ಬ ಮಾತ್ರ ಸಭ್ಯವಾಗಿ ಕೇಳಿದ, “ನಿಮ್ಮ ಹೆಂಡತಿಯ ಧ್ವನಿಯಾಗಿದ್ದರೆ ನಿಮಗೆ ನಿನ್ನೆಯೇ ಗೊತ್ತಾಗಬೇಕಿತ್ತಲ್ಲವೇ ದಳಪತಿಗಳೇ?” ಉತ್ತರ ಯೋಚಿಸುವಷ್ಟರಲ್ಲಿ ಬಳಗದಿಂದ ನನ್ನನ್ನು ಹೊರಗೆ ಹಾಕಿದ್ದರು. ಯಜಮಾನರನ್ನು ನಿಂದಿಸಿದವರಿಗೆ ಜಾಗವಿಲ್ಲ ಎಂಬ ನಿಯಮ ತಂದವನೂ ನಾನೇ.

ಕೊನೆಗೆ ಕಂಪನಿಯ ದೂರು ವಿಭಾಗಕ್ಕೆ ಫೋನ್ ಮಾಡಿ, ಹೆಂಡತಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. “ನಮಸ್ಕಾರ, ನಿಮ್ಮ ಕರೆ ನಮಗೆ ಬಹಳ ಮುಖ್ಯ” ಅಂದಳು ಹೆಂಡತಿ. ಪಕ್ಕದಲ್ಲಿ ಕೂತವಳಲ್ಲ, ಫೋನಿನೊಳಗಿನವಳು.

“ಇದನ್ನ ನಾನೇ ಓದಿದ್ದು” ಅಂದಳು ಪಕ್ಕದಲ್ಲಿದ್ದವಳು. “ಆವತ್ತು ನೆಗಡಿಯಾಗಿತ್ತು.”

“ದಯವಿಟ್ಟು ನಿಮ್ಮ ದೂರು ಹೇಳಿ.”

ನಾನು ಹೇಳಿದೆ. ಅರ್ಥವಾಗಲಿಲ್ಲ ಅಂತು. ಬೈದೆ. ಅದಂತೂ ಅರ್ಥವಾಗಲೇ ಇಲ್ಲ. ಹೆಂಡತಿ ಫೋನ್ ಕಿತ್ತುಕೊಂಡು, ಬಿಡಿಸಿ ಬಿಡಿಸಿ ಹೇಳಿದಳು, “ನೀವು ಮಾತಾಡ್ತಿರೋದು ನನ್ನ ಧ್ವನೀಲಿ.”

“ಕ್ಷಮಿಸಿ” ಅಂತು ಅವಳದೇ ಧ್ವನಿ. “ನಿಮ್ಮ ಧ್ವನಿ ಸ್ಪಷ್ಟವಾಗಿಲ್ಲ.”

ಫೋನ್ ಕೆಳಗಿಟ್ಟು ಅವಳು, “ಇನ್ಮೇಲೆ ಬಾಯಿ ಬಿಡೋಕೂ ಭಯ. ಯಾರು ಎತ್ಕೊಂಡು ಹೋಗ್ತಾರೋ” ಅಂದಳು. ತಮಾಷೆಗೆ ಅಂದಳು ಅಂದುಕೊಂಡೆ. ಆದರೆ ಅಂದಿನಿಂದ ಮಾತು ನಿಂತಿತು. ಜಗಳವಲ್ಲ, ಮುನಿಸಲ್ಲ. ಬೇಕಾದ್ದಕ್ಕೆ ಕೈ ತೋರಿಸುತ್ತಾಳೆ, ತಲೆ ಆಡಿಸುತ್ತಾಳೆ. ಕಸದ ಬುಟ್ಟಿಯನ್ನು ತಾನೇ ಹೊರಗಿಡುತ್ತಾಳೆ. ಮನೆ ನಮ್ಮ ಅಂಗಡಿಯ ಗಾಜಿನ ಗೂಡಿನಂತಾಯಿತು.

ಒಂದು ಮಧ್ಯಾಹ್ನ ಅತ್ತೆ ಮೆಲ್ಲಗೆ ಬಂದು ನನ್ನ ಪಕ್ಕ ಕೂತರು. “ಅಳಿಯಂದ್ರೇ, ಆ ಆಟ ಸ್ವಲ್ಪ ಹಾಕ್ತೀರಾ? ಅವಳ ಮಾತು ಕೇಳದೆ ಮನೆ ಬಿಕೋ ಅನ್ನುತ್ತೆ.”

ಹಾಕಿದೆ. “ಬಂದೆಯಾ ವೀರ, ನಿನಗಾಗಿಯೇ ಕಾಯುತ್ತಿದ್ದೆ” ಅಂತು ಕಂದೀಲು. ಅತ್ತೆ ಮುಂದಕ್ಕೆ ಬಾಗಿ, ಟಿವಿಯನ್ನೇ ಕೇಳಿದರು, “ಊಟ ಆಯ್ತೇನೇ?”

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ನಾನು ತಡಬಡಿಸಿ ಆಟ ನಿಲ್ಲಿಸಿದೆ.

“ಅವಳನ್ನ ಊಟ ಕೇಳಬೇಡಮ್ಮ” ಅಂದಳು. ಅಷ್ಟು ದಿನಗಳ ಮೇಲೆ ಬಂದ ಮಾತು, ಸ್ವಲ್ಪ ಒರಟಾಗಿತ್ತು. “ಅವಳು ಉಣ್ಣೋದಿಲ್ಲ. ಅದಕ್ಕೇ ಕೆಲಸ ಅವಳಿಗೆ ಸಿಕ್ಕಿದ್ದು.”

ನನ್ನ ಕಡೆ ತಿರುಗಿದಳು.

“ನೀವ್ಯಾಕೆ ನಿಲ್ಲಿಸಿದ್ರಿ? ಆಡಿ. ಮನೇಲಿ ಒಬ್ಬಳಾದ್ರೂ ನಿಮ್ಮನ್ನ ವೀರ ಅನ್ನಲಿ.”