ರಸ್ತೆ ಪರವಾಗಿ ಮಾತಾಡಿದ ಗಿರಣಿ ಹುಡುಗಿ

ಮೇಷ್ಟರಿಗೆ ಪಾಠ ಬಿಟ್ಟು ಬೇರೆ ಕೆಲಸ ಕೊಟ್ಟರೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ನಾನು ಅಜ್ಜಂಪುರದ ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಗಣತಿಗೆ ಹೋಗಿ ನಾಯಿ ಕೈಲಿ ಕಚ್ಚಿಸಿಕೊಂಡಿದ್ದೇನೆ, ಚುನಾವಣೆಗೆ ಹೋಗಿ ಶಾಯಿಯನ್ನು ನನ್ನ ಅಂಗಿಗೇ ಬಳಿದುಕೊಂಡಿದ್ದೇನೆ. ಈಚೆಗೆ ಕಡೂರಿನ ಒಂದು ಶಾಲೆಯಲ್ಲಿ ವಿದ್ಯಾರ್ಥಿಗಳ ‘ವಿಶ್ವಸಂಸ್ಥೆ’ ನಡೆಯಿತು. ಒಬ್ಬೊಬ್ಬರು ಒಂದೊಂದು ದೇಶದ ರಾಯಭಾರಿಯಾಗಿ ಮೂರು ನಿಮಿಷ ವಾದ ಮಾಡಬೇಕು. ವಿಷಯ, ಪ್ರಗತಿಗೆ ನಾವು ತೆರುವ ಕಾಣದ ಬೆಲೆ. ನಮ್ಮ ಮಕ್ಕಳನ್ನು ಕರೆದೊಯ್ಯುವ ಕೆಲಸ ನನ್ನ ತಲೆಗೆ ಬಿತ್ತು.

೧. ಒಪ್ಪಿಗೆ ಪತ್ರ

ಹೊರಡುವ ಮೊದಲು ಪೋಷಕರ ಒಪ್ಪಿಗೆ ಪತ್ರ ಬೇಕಿತ್ತು. ಒಬ್ಬ ಹುಡುಗಿಯ ತಂದೆ ಮಾತ್ರ ಸಹಿ ಹಾಕಲಿಲ್ಲ. ರಸ್ತೆ ಬದಿಯಲ್ಲಿ ಅವರದೊಂದು ಹಿಟ್ಟಿನ ಗಿರಣಿ, ಅದರ ಹಿಂದೆಯೇ ಮನೆ. ರಸ್ತೆ ಅಗಲ ಮಾಡಲು ಎರಡಕ್ಕೂ ಕೆಂಪು ಗುರುತು ಬಿದ್ದಿತ್ತು. ಹಿಂದೆ ಒಂದು ಸಭೆಯಲ್ಲಿ ಹಾಜರಿ ಪುಸ್ತಕ ಅಂದುಕೊಂಡು ಅವರು ಹಾಕಿದ ಸಹಿ, ಜಾಗ ಬಿಡಲು ಒಪ್ಪಿಗೆ ಎಂದು ಕಡತ ಸೇರಿತ್ತು. ಈಗ ತಕರಾರು ಅರ್ಜಿ ಕೊಟ್ಟು ವಿಚಾರಣೆಗೆ ಕಾಯುತ್ತಿದ್ದರು.

ನಾನೇ ಗಿರಣಿಗೆ ಹೋದೆ. ಅವರು ಹಿಟ್ಟಿನ ಕೈ ಒರೆಸಿಕೊಂಡು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದ್ರಲ್ಲಿ ಸರ್ವೆ ನಂಬರ್ ಎಲ್ಲೈತೆ ಮೇಷ್ಟ್ರೇ?”

“ಇದರಲ್ಲಿ ಸರ್ವೆ ನಂಬರೇ ಇಲ್ಲ ಭಾಯ್. ಮಗಳನ್ನು ಕಡೂರಿಗೆ ಕಳಿಸೋದಕ್ಕೆ, ಅಷ್ಟೆ.”

“ಇಲ್ವಾ? ಹಂಗಾದ್ರೆ ಇನ್ನೂ ಕಷ್ಟ ಕಣ್ರೀ. ಆಮೇಲೆ ತುಂಬ್ಕೋತಾರೆ.”

ಕೊನೆಗೆ ಖಾಲಿ ಜಾಗಕ್ಕೆಲ್ಲ ಅಡ್ಡಗೆರೆ ಎಳೆದು, ಕಾಲೇಜಿನ ಹೆಸರನ್ನೂ ಹೊಡೆದುಹಾಕಿ, ಆಮೇಲೆ ಸಹಿ ಮಾಡಿದರು.

೨. ಚೀಟಿ

ಕಡೂರಿನಲ್ಲಿ ಚೀಟಿ ಎತ್ತಿಸಿ ದೇಶ ಹಂಚಿದರು. ಯಗಟಿಯ ಹುಡುಗನಿಗೆ ಸಮುದ್ರದಲ್ಲಿ ಮುಳುಗುತ್ತಿರುವ ದ್ವೀಪ ಬಂತು. ಮೊಣಕಾಲುದ್ದ ನೀರು ಕಾಣದ ಊರಿನವನು ಮುಳುಗುತ್ತಿದ್ದೇವೆ ಎಂದು ಗೋಳಾಡಬೇಕು. ಇನ್ನೊಬ್ಬನ ಅಜ್ಜನ ಊರು ಲಕ್ಕವಳ್ಳಿ ಅಣೆಕಟ್ಟೆಯ ನೀರಿನಲ್ಲಿ ಮುಳುಗಿಹೋಗಿತ್ತು, ಅವನಿಗೆ ಮರಳುಗಾಡು. ನಮ್ಮ ಗಿರಣಿ ಹುಡುಗಿಗೆ ಮಾತ್ರ, ಲೋಕಕ್ಕೆಲ್ಲ ರಸ್ತೆ ಹಾಕಿಸುವ ಒಂದು ದೊಡ್ಡ ದೇಶ.

ನಾನು ಎದ್ದು ಹೋದೆ. ಗಿರಣಿಯ ಕಥೆ ಹೇಳಿ, ಚೀಟಿ ಅದಲು ಬದಲು ಮಾಡಿಕೊಡಿ ಎಂದು ಸಂಘಟಕಿಯನ್ನು ಬೇಡಿಕೊಂಡೆ.

“ಬೇಡ ಸಾರ್,” ಎಂದರು ಆಕೆ. “ಕಷ್ಟ ಅನುಭವಿಸಿದೋರಿಗೆ ಅದೇ ವಿಷಯ ಕೊಟ್ರೆ, ಮೂರು ನಿಮಿಷದಲ್ಲಿ ಮುಗಿಸೋದೇ ಇಲ್ಲ.”

೩. ಬಹುಮಾನ

ತೀರ್ಪುಗಾರರಾಗಿ ಬಂದವರು ತರೀಕೆರೆಯಲ್ಲಿ ರಸ್ತೆಗೆ ಜಾಗ ಬಿಡಿಸುವ ಕೆಲಸ ನೋಡುವ ಅಧಿಕಾರಿ. ಅದು ಗೊತ್ತಿದ್ದದ್ದು ನನಗೆ ಮಾತ್ರ. ಹುಡುಗಿ ಅವರನ್ನು ಎಂದೂ ನೋಡಿರಲಿಲ್ಲ. ಅವಳ ಮನೆಗೆ ಬರುತ್ತಿದ್ದವರು ಅವರ ಕೈಕೆಳಗಿನವರು.

ಅವಳು ರಸ್ತೆ ಬೇಕೆಂದು ವಾದ ಮಾಡಿದಳು. ದ್ವೀಪದ ರಾಯಭಾರಿ ಎದ್ದು, “ರಸ್ತೆ ಬದಿಯ ಜನ ಎಲ್ಲಿಗೆ ಹೋಗಬೇಕು?” ಎಂದು ಕೇಳಿದ.

ಹುಡುಗಿ ತಡವರಿಸಲಿಲ್ಲ. “ತಮ್ಮ ಭಾವನೆಗಳನ್ನು ಗೌರವಿಸುತ್ತೇವೆ. ಆದರೆ ಹತ್ತು ಜನಕ್ಕಾಗಿ ಊರನ್ನೇ ಹಿಂದೆ ಬಿಡಲಾಗದು. ಮನವಿ ಕೊಟ್ಟು ಹೋಗಿ, ಪರಿಶೀಲಿಸುತ್ತೇವೆ.”

ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಈ ಮಾತುಗಳನ್ನು ನಾನು ಕಲಿಸಿರಲಿಲ್ಲ. ಅವಳ ಮನೆ ಬಾಗಿಲಿಗೆ ಬಂದು ಹೇಳಿ ಹೋದವರಿಂದ ಅವಳು ಕಂಠಪಾಠ ಮಾಡಿಕೊಂಡಿದ್ದಳು. ಅವಳಿಗೇ ಮೊದಲ ಬಹುಮಾನ, ಗಾಜು ಹಾಕಿದ ದೊಡ್ಡ ಪ್ರಶಸ್ತಿ ಪತ್ರ.

ಅಧಿಕಾರಿ ನನ್ನ ಕಿವಿಯಲ್ಲಿ ಹೇಳಿದರು: “ನಮ್ಮ ಆಫೀಸಿಗೆ ಹೊಸದಾಗಿ ಬಂದೋರು ಇಷ್ಟು ಕಲಿಯೋಕೆ ಎರಡು ವರ್ಷ ತಗೋತಾರೆ ಮೇಷ್ಟ್ರೇ.”

೪. ವಿಚಾರಣೆ

ಮುಂದಿನ ತಿಂಗಳು ತರೀಕೆರೆಯಲ್ಲಿ ತಕರಾರಿನ ವಿಚಾರಣೆ. ಹುಡುಗಿಯ ತಂದೆ ಕರೆದರೆಂದು ನಾನೂ ಹೋದೆ. ಅರ್ಜಿ ಓದಲು ಹುಡುಗಿ ಎದ್ದು ನಿಂತಳು. ಅಧಿಕಾರಿಯನ್ನು ಕಂಡು ಅವಳ ಮುಖ ಸಪ್ಪಗಾಯಿತು. ಅವರ ಮುಖ ಅರಳಿತು.

“ಅರೆ, ನೀನಾ! ಅವತ್ತು ರಸ್ತೆ ಬೇಕು ಅಂತ ಎಷ್ಟು ಚೆನ್ನಾಗಿ ಹೇಳಿದೆಯಮ್ಮ!”

“ಅವತ್ತು ಚೀಟೀಲಿ ಬಂದಿತ್ತು ಸಾರ್. ಇದು ನಮ್ಮನೆ.” ಎರಡು ಕಡೆ ತಡವರಿಸಿದಳು. ಆದರೂ ಅರ್ಜಿಯನ್ನು ಪೂರ್ತಿ ಓದಿದಳು.

ಅಧಿಕಾರಿ ಕೆಟ್ಟವರಲ್ಲ. ನೀರು ತರಿಸಿಕೊಟ್ಟರು. ಆಮೇಲೆ ಗುಮಾಸ್ತನಿಗೆ ಬರೆಸಿದರು: ಅರ್ಜಿದಾರರ ಕುಟುಂಬಕ್ಕೆ ಯೋಜನೆಯ ಮಹತ್ವ ಚೆನ್ನಾಗಿ ತಿಳಿದಿದೆ, ತಕರಾರು ವಜಾ. ಅವಳನ್ನು ಕಡೂರಿಗೆ ಕರೆದೊಯ್ದವನು ನಾನೇ. ಎಲ್ಲಾದರೂ ಹೋಗಿ ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು.

ತಂದೆ ಹೊರಡಲು ಎದ್ದರು. ಸಮಾಧಾನ ಹೇಳಬೇಕೆಂದು ಅಧಿಕಾರಿ ಕೇಳಿದರು: “ಮಗಳ ಪ್ರಶಸ್ತಿನ ಮನೇಲಿ ಗೋಡೆಗೆ ಹಾಕಿದ್ದೀರಿ ತಾನೆ?”

“ಇನ್ನೂ ಇಲ್ಲ ಸಾಹೇಬ್ರೇ,” ಎಂದರು ತಂದೆ. “ಯಾವ ಗೋಡೆ ಉಳೀತದೆ ಹೇಳ್ಬುಡಿ, ಅದಕ್ಕೇ ಮೊಳೆ ಹೊಡೀತೀನಿ.”

ಅಧಿಕಾರಿ ಪಾಪ, ನಕ್ಷೆ ಬಿಡಿಸಿ, ಕನ್ನಡಕ ಹಾಕಿಕೊಂಡು, ನಿಜವಾಗಿಯೂ ಹುಡುಕಿದರು. ಒಂದೂ ಸಿಗಲಿಲ್ಲ.